ಹೆಪ್ಪು ಹೋಗಿ ಬಂದ ಮನೆ

ನಮ್ಮ ಬೀದಿಗೆ ಹೊಸ ಸಂಸಾರ ಬಂತೆಂದರೆ, ಗಾಡಿಯಿಂದ ಪಾತ್ರೆಪಗಡಿ ಇಳಿದು ಒಲೆ ಹೊತ್ತಿದ ಸಂಜೆಯೇ ನಾನು ಬಟ್ಟಲು ಹಿಡಿದು ಹೋಗಿ ಹೆಪ್ಪು ಕೇಳುತ್ತೇನೆ. ನಮ್ಮ ಮನೆಯಲ್ಲಿ ಮೊಸರಿಗೆ ಬರವೇನಿಲ್ಲ. ಸೊಸೆಗೆ ಇದು ತಲೆತಗ್ಗಿಸುವ ಸಂಗತಿ. “ಮನೇಲಿ ಎರಡು ಗಡಿಗೆ ಮೊಸರಿಟ್ಕೊಂಡು ಕಂಡೋರ ಬಾಗಿಲಿಗೆ ಹೋಗ್ತೀರಲ್ಲ ಅತ್ತೇ, ಜನ ಏನಂದಾರು?” ಅನ್ನುತ್ತಾಳೆ. ಜನ ಏನಾದರೂ ಅನ್ನಲಿ. ಒಂದು ಚಮಚ ಹೆಪ್ಪಿಗೆ ನಾನು ಕೊಡುವ ಮರ್ಯಾದೆಯನ್ನು ಅಮಲ್ದಾರರ ಮೊಹರಿಗೂ ಕೊಡುವವಳಲ್ಲ. ಯಾಕೆ ಅಂತ ಸೊಸೆಗೆ ಎಷ್ಟೋ ಸಲ ಹೇಳಹೊರಟೆ. ಒಲೆಯ ಮೇಲೆ ಏನೋ ಉಕ್ಕುತ್ತದೆ, ಎದ್ದು ಹೋಗುತ್ತಾಳೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಬರೆದದ್ದು ಎದ್ದು ಹೋಗುವುದಿಲ್ಲ.

ನಾವು ಮೂಲದಲ್ಲಿ ಅಜ್ಜಂಪುರದವರಲ್ಲ. ತುಂಗಭದ್ರೆಯ ಆಚೆ, ಹಾವೇರಿ ಕಡೆಯವರು. ಆಗ ಆ ಸೀಮೆ ಬ್ರಿಟಿಷರದು, ಈ ಸೀಮೆ ಮಹಾರಾಜರದು. ನಮ್ಮ ಯಜಮಾನರು ಸೀರೆ, ಕುಪ್ಪಸದ ಖಣದ ಗಂಟು ಹೊತ್ತು ಸಂತೆ ಸಂತೆ ತಿರುಗುತ್ತಿದ್ದರು. ತರೀಕೆರೆ, ಬೀರೂರು, ಕಡೂರು ಸಂತೆಗಳಲ್ಲಿ ನಮ್ಮ ಕಡೆಯ ಖಣಕ್ಕೆ ಹೆಂಗಸರು ಮುಗಿಬೀಳುತ್ತಾರೆ ಅಂತ ಗೊತ್ತಾದ ಮೇಲೆ, ರೈಲು ನಿಲ್ಲುವ ಅಜ್ಜಂಪುರದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದರು. ಮದುವೆಯಾಗಿ ವರ್ಷ ತುಂಬದ ನಾನು ಮತ್ತು ಅವರ ತಾಯಿ, ಇಬ್ಬರೂ ಹಿಂದೆಯೇ ಬಂದೆವು.

ಅತ್ತೆ ರೈಲಿನಲ್ಲಿ ಗಂಟು ಮೂಟೆಗಳನ್ನೆಲ್ಲ ಮಗನಿಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಣ್ಣಿನ ಕುಡಿಕೆಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದರಲ್ಲಿದ್ದದ್ದು ಹೆಪ್ಪು. ಅವರ ಅತ್ತೆಯ ಕೈಯಿಂದ ಬಂದದ್ದು, ಒಂದು ದಿನವೂ ಕೆಡದಂತೆ ಉಳಿಸಿಕೊಂಡದ್ದು. ಹಿಂದೆ ಒಮ್ಮೆ ಜೋಳ ಕಡ ತಂದಿದ್ದಕ್ಕೆ ಅವರ ವಾರಗಿತ್ತಿ, ನೆಂಟರೆಲ್ಲ ಸೇರಿದ ಪಂಕ್ತಿಯಲ್ಲೇ ಆಡಿ ತೋರಿಸಿದ್ದಳಂತೆ. ಅವತ್ತಿನಿಂದ ಯಾರ ಮುಂದೆಯೂ ಕೈಯೊಡ್ಡುವುದಿಲ್ಲ ಎನ್ನುವುದೇ ಅತ್ತೆಯ ವ್ರತವಾಯಿತು. ಅಜ್ಜಂಪುರಕ್ಕೆ ಬಂದ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು, “ಇಲ್ಲಿ ನಮ್ಮನ್ನ ಯಾರೂ ಬಲ್ಲವರಿಲ್ಲ. ಉಪ್ಪಿಲ್ಲಂದ್ರ ಸಪ್ಪಗ ಉಣ್ಣೂಣು. ಯಾರ ಹೊಸ್ತಿಲಾನೂ ತುಳೀಬ್ಯಾಡ,” ಅಂದರು. ಸರಿ ಅತ್ತಿ, ಅಂದೆ. ಹಾಗನ್ನದೆ ಬೇರೆ ದಾರಿಯೂ ಇರಲಿಲ್ಲ.

ಅತ್ತೆ ಮಾತಿಗೆ ತಪ್ಪಿದವರಲ್ಲ. ಹಿತ್ತಲಲ್ಲೇ ಬಾವಿ. ಹಾಲಿನವಳು ವರ್ತನೆಯ ಹಾಲನ್ನು ಬಾಗಿಲಲ್ಲೇ ಅಳೆದು ಹೋಗುತ್ತಿದ್ದಳು. ಒಲೆಯ ಕೆಂಡವನ್ನು ಬೂದಿ ಮುಚ್ಚಿ ಉಳಿಸುತ್ತಿದ್ದುದರಿಂದ ಬೆಂಕಿಗೂ ಯಾರ ಮನೆಗೆ ಹೋಗಬೇಕಾಗಿರಲಿಲ್ಲ. ಬೀದಿಯಲ್ಲಿ ಹೆಂಗಸರು ಮೊರ ಹಿಡಿದು ಜಗಲಿಯಿಂದ ಜಗಲಿಗೆ ಮಾತಾಡುತ್ತಿದ್ದರೆ ನಾನು ಕಿಟಕಿಯ ಸಂದಿಯಿಂದ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಬಂದ ಹೊಸದರಲ್ಲಿ, ಆಗತಾನೇ ದೀಪ ಹಚ್ಚಿದ್ದೆವು, ಎದುರುಮನೆಯಮ್ಮ ಹಿತ್ತಾಳೆ ಬಟ್ಟಲು ಹಿಡಿದು ಬಂದರು. ಅವರು ಗಂಡನಿಲ್ಲದವರು. ತೆಂಗಿನ ತೋಟ, ಹೊಲ ಎಲ್ಲವನ್ನೂ ತಾವೇ ನಿಂತು ನೋಡಿಕೊಳ್ಳುವವರು. ಹಣೆ ತುಂಬ ವಿಭೂತಿ, ಬಾಯಿ ತೆರೆದರೆ ಮೂರು ಮನೆಗೆ ಕೇಳುವ ಗಂಟಲು. ನಮ್ಮವರೇ, ಶಿವಭಕ್ತರ ಮನೆ.

“ಏನ್ರವ್ವಾ, ಹೊಸಬ್ರು? ಒಂಚೂರು ಹೆಪ್ಪಿದ್ರೆ ಕೊಡಿ,” ಅಂದರು.

ಅತ್ತೆ ಎದ್ದು ನಿಂತು, ಬಹಳ ಮರ್ಯಾದೆಯಿಂದಲೇ, “ದೀಪಾ ಹಚ್ಚೀವ್ರಿ. ದೀಪಾ ಹಚ್ಚಿದ ಮ್ಯಾಲೆ ನಮ್ಮನ್ಯಾಗ ಮೊಸರು ಹೊರಗ ಕೊಡೂದಿಲ್ರಿ,” ಅಂದರು.

“ಒಂದು ಒಣಮೆಣಸಿನಕಾಯಿ ಹಾಕ್ಕೊಟ್ರೆ ದೋಷ ಇಲ್ಲ ಕಣ್ರವ್ವಾ. ನಮ್ಮೂರಲ್ಲಿ ಎಲ್ಲಾ ಹಂಗೇ ಮಾಡೋದು.”

“ನಿಮ್ಮೂರಾಗ ಇರಬಹುದ್ರಿ,” ಅಂದರು ಅತ್ತೆ.

ಎದುರುಮನೆಯಮ್ಮ ಖಾಲಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟು ಹೋದರು. ಆಮೇಲೆ ಬೀದಿಯಲ್ಲಿ ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ. ಎದುರಿಗೆ ಸಿಕ್ಕರೆ ತಲೆಯಾಡಿಸಿ ದಾರಿ ಬಿಡುತ್ತಿದ್ದರು, ಅಷ್ಟೇ. ಅತ್ತೆಗೆ ಅದರಿಂದ ನೆಮ್ಮದಿಯೇ ಆಯಿತು.

ಹೀಗಿರುವಾಗ ಪಿಳೇಗಿನ ಸುದ್ದಿ ಎದ್ದಿತು. ನಮ್ಮ ತವರು ಸೀಮೆಯಲ್ಲಿ ಇಲಿ ಬೀಳುತ್ತಿವೆ, ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ ಎನ್ನುತ್ತಿದ್ದರು. ಬೀರೂರು ಜಂಕ್ಷನ್ನಿನಲ್ಲಿ ರೈಲು ನಿಲ್ಲಿಸಿ ಒಬ್ಬೊಬ್ಬರನ್ನೇ ಇಳಿಸಿ, ಕಂಕುಳು ಮುಟ್ಟಿ ನೋಡಿ, ಊರು ಕೇಳಿ, ರಹದಾರಿ ಚೀಟಿ ಕೊಟ್ಟು ಕಳಿಸುವ ಏರ್ಪಾಡಾಯಿತು. ಯಜಮಾನರು ಕಡೂರು ಸಂತೆಗೆ ಹೋಗಿದ್ದರು. ಬರಬೇಕಾದ ರೈಲು ಬಂತು, ಅವರು ಬರಲಿಲ್ಲ.

ಅದೇ ರೈಲಿನಲ್ಲಿ ಬಂದ ಅಜ್ಜಂಪುರದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ನಮ್ಮ ಮನೆಯ ಮುಂದೆ, ಜಗಲಿಗೂ ಹತ್ತದೆ, ಬೀದಿಯಲ್ಲೇ ನಿಂತು ವಿಷಯ ಹೇಳಿದರು. ತಪಾಸಣೆಯವರು ಯಾವೂರು ಅಂತ ಕೇಳಿದಾಗ ನಮ್ಮವರು ಹುಟ್ಟಿದ ಹಳ್ಳಿಯ ಹೆಸರು ಹೇಳಿಬಿಟ್ಟಿದ್ದರು. ನಮ್ಮ ಜನ ಇನ್ನೇನು ಹೇಳುತ್ತಾರೆ? ಬಾಡಿಗೆ ಮನೆಯನ್ನು ಊರು ಅನ್ನುವವರು ಯಾರಿದ್ದಾರೆ? ಆ ಹಳ್ಳಿಯ ಹೆಸರು ಕೇಳಿದ್ದೇ ತಡ, ಅಧಿಕಾರಿಗಳು ನಾಲ್ಕು ಹೆಜ್ಜೆ ಹಿಂದೆ ಸರಿದರಂತೆ. ಮೇಲೆ ಬಟ್ಟೆಯ ಗಂಟು ಬೇರೆ. ಬಟ್ಟೆಯಲ್ಲಿ ರೋಗ ಕೂತಿರುತ್ತದೆ ಅಂತ ಆಗ ಎಲ್ಲರಿಗೂ ಭಯ. ಅಜ್ಜಂಪುರದಲ್ಲಿ ಮನೆ ಇದೆ ಅಂತ ಆಮೇಲೆ ಎಷ್ಟು ಗೋಗರೆದರೂ ಕೇಳದೆ ಸ್ಟೇಷನ್ನಿನ ಆಚೆಯ ಕ್ಯಾಂಪಿಗೆ ಹಾಕಿದ್ದರು.

“ನಂಗೆ ನಮ್ಮೂರೋನೊಬ್ಬ ಸಾಕ್ಷಿ ಸಿಕ್ಕಿದ, ಬಿಟ್ರು. ನಾನು ನಿಮ್ಮನೆಯೋರ ಪರವಾಗಿ ಹೇಳೋಣ ಅಂದ್ರೆ, ನಿಮ್ಮ ಒಳಹೊರಗು ನಂಗೇನು ಗೊತ್ತು ತಾಯಿ?” ಅಂದರು ಆ ವ್ಯಾಪಾರಿ. “ಪಟೇಲರ ಚೀಟಿ ಇಸ್ಕೊಂಡು, ಊರೋರೊಬ್ರು ಹೋಗಿ ಇವನು ನಮ್ಮೋನೇ ಅಂತ ಗುರುತು ಹೇಳಿದ್ರೆ ಬಿಡ್ತಾರೆ. ತಡ ಮಾಡ್ಬೇಡಿ. ಪಕ್ಕದ ಶೆಡ್ಡಲ್ಲೇ ಜ್ವರದೋರನ್ನ ಮಲಗಿಸವ್ರೆ.”

ಕ್ಯಾಂಪಿಗೆ ಹೋಗುವಾಗ ಇಲ್ಲದ ಜ್ವರ ಕ್ಯಾಂಪಿನಲ್ಲಿ ಬರುತ್ತದೆ ಅಂತ ಊರಲ್ಲೆಲ್ಲ ಆಡಿಕೊಳ್ಳುತ್ತಿದ್ದರು. ಅತ್ತೆಯ ಅಪ್ಪಣೆಗೂ ಕಾಯದೆ ತಲೆಯ ಮೇಲೆ ಸೆರಗೆಳೆದುಕೊಂಡು ಪಟೇಲರ ಮನೆಗೆ ಓಡಿದೆ.

ಪಟೇಲರು ವಯಸ್ಸಾದವರು, ಕೆಟ್ಟವರಲ್ಲ. ಕೂತ್ಕೊಳ್ಳವ್ವಾ ಅಂದರು. ನಾನು ಕೂರಲಿಲ್ಲ. ನಾವು ಯಾವ ಮಠದ ಶಿಷ್ಯರು ಅಂತ ಕೇಳಿದರು. ಹೇಳಿದೆ. ಹೊಳೆಯಾಚೆಯ ಸಣ್ಣ ಮಠ, ಅವರು ಹೆಸರು ಕೇಳಿರಲಿಲ್ಲ.

“ಕೇಳಿದ್ರೂ ಉಪಯೋಗ ಇರ್ಲಿಲ್ಲ ಬಿಡು,” ಅಂದರು. “ಮಠದ ಗುರುತು ಪೂಜೆಗಾಯ್ತು, ಪುಣ್ಯಕ್ಕಾಯ್ತು. ಈ ರಹದಾರಿಗೆ ಬೀದಿ ಗುರುತು ಬೇಕು. ಆ ಮನೇಲಿ ಜ್ವರ ಇಲ್ಲ, ಇಲಿ ಬಿದ್ದಿಲ್ಲ ಅಂತ ನಾನು ಬರ್ಕೊಡ್ಬೇಕು. ಗಂಡಸು ನಾನು, ನಿಮ್ಮ ಅಡುಗೆಮನೆ ನೋಡಿದೀನಾ? ಒಳಗೆ ಹೋಗಿ ಬರೋ ಹೆಂಗಸರ ಮಾತಿನ ಮೇಲೆ ಬರೆಯೋದು. ನಿಮ್ಮನೆಗೆ ಯಾರು ಬತ್ತಾರೆ ಹೇಳು, ಅವ್ರನ್ನ ಕರೆಸ್ತೀನಿ.”

“ಯಾರೂ ಬರೂದಿಲ್ರಿ,” ಅಂದೆ.

“ಎದುರುಮನೆಯಾಕೆ ಹೆಪ್ಪು ಕೇಳ್ಕೊಂಡು ಬರ್ಲಿಲ್ವಾ?” ಅಂದರು ಪಟೇಲರು.

“ಬಂದಿದ್ರು. ದೀಪಾ ಹಚ್ಚಿತ್ತು ಅಂತ ಅತ್ತಿ ಕೊಡಲಿಲ್ರಿ.”

ಪಟೇಲರು ತೊಡೆ ತಟ್ಟಿಕೊಂಡರು. “ಅಯ್ಯೋ ಮಂಕೇ! ಆಕೆ ಮನೇಲಿ ಮೊಸರಿರ್ಲಿಲ್ಲ ಅಂದ್ಕೊಂಡ್ರಾ? ಹತ್ತು ಜನ ಆಳು ಉಣ್ಣೋ ಮನೆ ಅದು. ಹೊಸಬ್ರು ಬಂದ್ರೆ ನಮ್ಮ ಬೀದಿಯೋರೇ ಮೊದ್ಲು ಹೋಗಿ ಒಂದು ಹೆಪ್ಪು ಕೇಳೋದು ಕಣವ್ವಾ. ನಾಳೆ ಉಪ್ಪೋ ಬೆಂಕಿಯೋ ಬೇಕಾದ್ರೆ ಬಂದೋರಿಗೆ ಕೇಳೋಕೆ ಸಂಕೋಚ ಆಗ್ಬಾರ್ದು ಅಂತ. ಕೊಟ್ಟ ಹೆಪ್ಪು ಕೂತೈತಾ ಅಂತ ಕೇಳೋ ನೆಪದಲ್ಲಿ ಬೆಳಿಗ್ಗೆ ಹೋಗಿ ಬರೋದು, ಹಂಗೇ ಬಳಕೆ ಆಗೋದು. ಹೆಪ್ಪು ಹೋಗಿ ಬಂದಿಲ್ಲದ ಮನೇನ ನಮ್ಮೂರ ಮನೆ ಅಂತ ನಾನು ಹೆಂಗೆ ಬರೀಲಿ ಹೇಳು?”

ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಗೆ ಬಂದು ಪಟೇಲರ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಲೆಯ ಮುಂದೆ ಕೂತು ಕೊಳ್ಳಿ ಮುಂದಕ್ಕೆ ತಳ್ಳಿದರು. ಆಮೇಲೆ, “ಹಂಗಾರ ಅಕಿ ಬೇಡಾಕ ಬಂದಿರ್ಲಿಲ್ಲ,” ಅಂದರು, ನನಗಲ್ಲ, ಒಲೆಗೆ ಹೇಳಿದ ಹಾಗೆ. ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಷ್ಟು ವರ್ಷ ಕೈಯೊಡ್ಡುವುದೆಂದರೆ ಅವಮಾನ ಅಂತಲೇ ನಂಬಿ ಬದುಕಿದ ಹೆಂಗಸು, ತನ್ನ ಬಾಗಿಲಿಗೆ ಬಂದ ಪ್ರೀತಿಯನ್ನು ಭಿಕ್ಷೆ ಅಂದುಕೊಂಡಿದ್ದರು.

ದೀಪ ಹಚ್ಚಿದ ಕೂಡಲೇ ಅತ್ತೆ ಗೂಡಿನಿಂದ ಕುಡಿಕೆ ಇಳಿಸಿ, ಅದಕ್ಕೊಂದು ಒಣಮೆಣಸಿನಕಾಯಿ ಹಾಕಿ, ಬೀದಿ ದಾಟಿದರು. ನಾನು ಹಿಂದೆ ಹೋದೆ. ಎದುರುಮನೆಯಮ್ಮ ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಅಷ್ಟರಲ್ಲಿ ಕ್ಯಾಂಪಿನ ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು.

“ಅಂದು ನೀವು ಹೆಪ್ಪು ಕೇಳಿದ್ರಿ. ತಂದೀನ್ರಿ,” ಅಂದರು ಅತ್ತೆ.

ಎದುರುಮನೆಯಮ್ಮ ಕುಡಿಕೆ ನೋಡಿದರು, ಅತ್ತೆಯ ಮುಖ ನೋಡಿದರು. ಸೊಂಟದ ಮೇಲೆ ಕೈಯಿಟ್ಟರು. “ಆವತ್ತು ಕೇಳ್ದಾಗ ಕೊಟ್ಟಿದ್ರೆ ಅದು ಹೆಪ್ಪು. ಇವತ್ತು ಮಗ ಸಿಕ್ಕಾಕ್ಕೊಂಡವ್ನೆ ಅಂತ ತಂದ್ರೆ ಅದು ಲಂಚ ಕಣ್ರವ್ವಾ. ನಂಗೆ ಬ್ಯಾಡ. ಬೀದಿಲಿ ಬಾಳೋ ಮನಸ್ಸಿದ್ರೆ ಬಂದು ಏನಾದ್ರೂ ಕೇಳಿ, ಕೊಡ್ತೀನಿ. ನಿಮ್ಗೆ ಬೇಕಾದ್ದು ಒಂದೂ ಇಲ್ವಾ ನಮ್ಮನೇಲಿ?”

ಅತ್ತೆ ತಿರುಗಿ ಹೊರಟೇ ಬಿಡುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಅತ್ತೆ ಎರಡು ಹೆಜ್ಜೆ ನಡೆದರು. ಅಂಗಳದ ಮೂಲೆಯಲ್ಲಿ ದಾಸವಾಳದ ಗಿಡವಿತ್ತು. ಅದರ ಬುಡಕ್ಕೆ ಬಾಗಿ, ಇದ್ದ ಹೆಪ್ಪನ್ನೆಲ್ಲ ಸುರಿದರು. ಕುಡಿಕೆಯ ಒಳಗೆ ಕೈ ಹಾಕಿ ಬಳಿದು ಸುರಿದರು. ಆಮೇಲೆ ತಿರುಗಿ ಬಂದು ಆ ಖಾಲಿ ಕುಡಿಕೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು.

“ನಮ್ಮನ್ಯಾಗ ಹೆಪ್ಪಿಲ್ರಿ. ಹಾಲು ಕಾಸಿಟ್ಟೀನಿ. ಸ್ವಲ್ಪ ಕೊಡ್ರಿ,” ಅಂದರು.

“ಅಯ್ಯೋ ಶಿವನೇ! ಇದೇನು ಮಾಡ್ದೆ ಮಾರಾಯ್ತಿ!” ಅಂತ ಎದುರುಮನೆಯಮ್ಮ ಹುಲ್ಲು ಅಲ್ಲೇ ಬಿಸಾಕಿ ಓಡಿಬಂದರು. “ನಾನೇನೋ ಬಾಯಿಗೆ ಬಂದಿದ್ದು ಅಂದೆ. ನೀನೂ ಸರಿಯಾಗಿದೀಯ ಕಣೇ, ಹಟಮಾರಿ!” ಅವರು ಬಹುವಚನ ಬಿಟ್ಟಿದ್ದು ಆಗಲೇ. ಒಳಗಿನಿಂದ ಹೆಪ್ಪು ತಂದು ಕುಡಿಕೆಗೆ ಹಾಕಿ, ಮೇಲೊಂದು ಒಣಮೆಣಸಿನಕಾಯಿ ಇಟ್ಟು ಕೊಟ್ಟರು. ಮನೆಗೆ ಬಂದು ಅತ್ತೆ ಅದನ್ನು ಹಾಲಿಗೆ ಬೆರೆಸಿದರು.

ಬೆಳಿಗ್ಗೆ ಇನ್ನೂ ಅಂಗಳ ಸಾರಿಸುತ್ತಿದ್ದೆ, ಎದುರುಮನೆಯಮ್ಮ “ಹೆಪ್ಪು ಕೂತೈತೇನವ್ವಾ?” ಅಂತ ಕೇಳುತ್ತಲೇ ನನ್ನನ್ನು ದಾಟಿಕೊಂಡು ಸೀದಾ ಅಡುಗೆಮನೆಗೆ ನಡೆದರು. ಗಡಿಗೆಯ ಮುಚ್ಚಳ ತೆಗೆದು ನೋಡಿದರು. ನೋಡಿದ್ದು ಮೊಸರೊಂದನ್ನೇ ಅಲ್ಲ. ಅಟ್ಟ, ಮೂಲೆ, ಜೋಳದ ಚೀಲದ ಹಿಂದುಗಡೆ ಎಲ್ಲ ಕಣ್ಣಾಡಿಸಿದರು. ನನ್ನ ಹಣೆ ಮುಟ್ಟಿದರು, ಅತ್ತೆಯ ಹಣೆಯನ್ನೂ ಮುಟ್ಟಿದರು. “ಗಟ್ಟಿಯಾಗಿ ಕೂತೈತೆ. ನಡಿಯೇ ಹುಡುಗಿ, ಪಟೇಲರ ಹತ್ರ ಹೋಗಿ ರೈಲಿಗೆ ಹೋಗಾನ,” ಅಂದರು.

ಪಟೇಲರು ಚೀಟಿ ಬರೆದುಕೊಟ್ಟರು. ಬೀರೂರಿಗೆ ನಾವಿಬ್ಬರೂ ಹೋದೆವು. ಕ್ಯಾಂಪೆಂದರೆ ಹಗ್ಗ ಕಟ್ಟಿದ ಬಯಲು, ತಗಡಿನ ಶೆಡ್ಡುಗಳು, ಸುಣ್ಣದ ವಾಸನೆ. ಬಹಳ ಹೊತ್ತು ಕಾದ ಮೇಲೆ ಯಜಮಾನರನ್ನು ಹಗ್ಗದ ಆಚೆ ತಂದು ನಿಲ್ಲಿಸಿದರು. ಒಂದೇ ರಾತ್ರಿಗೆ ಮುಖ ಬತ್ತಿ ಹೋಗಿತ್ತು. ಪಕ್ಕದಲ್ಲಿ ಅವರ ಗಂಟು. ಖಣಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ ತೆಗೆದಿದ್ದರಿಂದ, ಕೆಂಪು ಹೋಗಿ ಹಸಿರಿಗೆ ಹತ್ತಿ, ಒಂದರ ಬಣ್ಣ ಒಂದಕ್ಕೆ ಮೆತ್ತಿಕೊಂಡಿತ್ತು. ಅದನ್ನು ನೋಡಿ ಬೇಜಾರಾಗಲಿಲ್ಲ. ಮನುಷ್ಯ ಎರಡು ಕಾಲ ಮೇಲೆ ನಿಂತಿದ್ದರಲ್ಲ, ಅಷ್ಟೇ ಸಾಕಾಗಿತ್ತು.

ಟೊಪ್ಪಿ ಹಾಕಿದ ಇನ್ಸ್‌ಪೆಕ್ಟರು ಚೀಟಿ ಓದಿ, ಎದುರುಮನೆಯಮ್ಮನನ್ನು, “ಇವನು ನಿಮಗೇನಾಗಬೇಕು?” ಅಂತ ಕೇಳಿದರು.

“ಏನೂ ಆಗ್ಬೇಕಾಗಿಲ್ಲ ಸ್ವಾಮಿ. ಎದುರುಮನೆ.”

“ಇವನ ಮನೇಲಿ ಕಾಯಿಲೆ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?”

“ಗೊತ್ತಿಲ್ದೆ ಏನು? ಅವ್ರ ಮನೇಲಿ ಮೊಸರಾಗಿರೋದೇ ನಮ್ಮನೆ ಹೆಪ್ಪಲ್ಲಿ. ಬೆಳಿಗ್ಗೆ ಗಡಿಗೆ ಮುಚ್ಚಳ ತೆಗೆದು ನೋಡ್ಕೊಂಡೇ ಬಂದಿದೀನಿ,” ಅಂದರು ಆಕೆ, ಇಡೀ ಸ್ಟೇಷನ್ನಿಗೆ ಕೇಳುವ ಹಾಗೆ.

ಆ ಮಾತು ಕಿವಿಗೆ ಬಿದ್ದದ್ದೇ ತಡ ಯಜಮಾನರ ಮುಖ ಕಪ್ಪಿಟ್ಟಿತು. ನನ್ನ ಕಡೆ ನೋಡಿ, “ಅವ್ವ ಯಾವಾಗ ಹ್ವಾದಳು?” ಅಂದರು. ನನಗೆ ಅರ್ಥವೇ ಆಗಲಿಲ್ಲ. ಅವರು ನಿಂತಲ್ಲೇ ಕುಸಿದು, ಆ ಬಣ್ಣಗೆಟ್ಟ ಗಂಟಿನ ಮೇಲೆ ತಲೆಯಿಟ್ಟು ಬಿಕ್ಕಳಿಸಿ ಅಳತೊಡಗಿದರು. ತಮ್ಮ ತಾಯಿ ಬದುಕಿದ್ದರೆ ನಮ್ಮ ಮನೆಯ ಹಾಲಿಗೆ ಬೇರೆಯವರ ಹೆಪ್ಪು ಬೀಳುವುದು ಸಾಧ್ಯವೇ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಅವರ ಮಟ್ಟಿಗೆ ಆ ಮಾತಿನ ಅರ್ಥ ಒಂದೇ.

ಕುಸಿದದ್ದು ಕಂಡು ಇನ್ಸ್‌ಪೆಕ್ಟರು ಹಿಂದಕ್ಕೆ ಜಿಗಿದರು. “ಜ್ವರ ಬಂದಿದೆಯಾ ಇವನಿಗೆ? ಒಳಗೆ ಕರ್ಕೊಂಡು ಹೋಗಿ,” ಅಂತ ಜವಾನನಿಗೆ ಕೂಗಿದರು. ಜವಾನ ಮುಂದೆ ಬಂದ. ಒಳಗೆ ಅಂದರೆ ಜ್ವರದವರ ಶೆಡ್ಡು. ಅಲ್ಲಿಯವರೆಗೆ ಪರ ಗಂಡಸರ ಎದುರು ನಾನು ದನಿ ಎತ್ತಿದವಳಲ್ಲ, ಗಂಡನ ಜೊತೆ ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ಹಗ್ಗವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕಿರುಚಿದೆ.

“ಅತ್ತಿ ಅದಾರ್ರೀ! ಚಲೋ ಅದಾರ! ತಮ್ಮ ಕೈಲೆ ತಾವ ಹೆಪ್ಪು ಚೆಲ್ಲಿ, ಇವರ ಮುಂದ ಕುಡಿಕಿ ಒಡ್ಡಿ ಇಸ್ಕೊಂಡ್ರು! ನಿಮ್ಮನ್ನ ಬಿಡಿಸ್ಕೊಂಡ ಬರಾಕ ಇಸ್ಕೊಂಡ್ರು! ಏಳ್ರೀ ಮ್ಯಾಲೆ!”

ಯಜಮಾನರು ತಲೆಯೆತ್ತಿದರು. ಎದುರುಮನೆಯಮ್ಮ ಇನ್ಸ್‌ಪೆಕ್ಟರಿಗೆ, “ಜ್ವರವೂ ಇಲ್ಲ, ಗಿರವೂ ಇಲ್ಲ ಸ್ವಾಮಿ. ಅವ್ವ ಸತ್ತೋದ್ಲು ಅಂದ್ಕೊಂಡು ಅಳ್ತಾವ್ನೆ. ಬೇಕಾದ್ರೆ ಮುಟ್ಟಿ ನೋಡ್ರಿ,” ಅಂದರು. ವೈದ್ಯರು ಬಂದು ಮುಟ್ಟಿ ನೋಡಿದರು. ಮೈ ತಣ್ಣಗಿತ್ತು. ಎದುರುಮನೆಯಮ್ಮ ಹೆಬ್ಬೆಟ್ಟು ಒತ್ತಿದರು. ದಿನಾ ಬೆಳಿಗ್ಗೆ ಪಟೇಲರಿಗೆ ಮುಖ ತೋರಿಸಬೇಕು ಎಂಬ ಕರಾರಿನ ಮೇಲೆ ರಹದಾರಿ ಕೈಗೆ ಬಂತು. ಊರು ಎಂಬಲ್ಲಿ ಅಜ್ಜಂಪುರ ಅಂತ ಬರೆದಿದ್ದರು.

ರೈಲಿನಲ್ಲಿ ನಡೆದದ್ದೆಲ್ಲ ಹೇಳಿದೆ. ಯಜಮಾನರು ಕಿಟಕಿಯಾಚೆಯ ಹೊಲಗಳನ್ನು ನೋಡುತ್ತ ಕೇಳಿಸಿಕೊಂಡರು. ದಾಸವಾಳದ ಗಿಡದ ಬುಡದ ಮಾತು ಬಂದಾಗ ಮಾತ್ರ, “ಎಲ್ಲಾ ಸುರುವಿದ್ಳೇನು?” ಅಂತ ಕೇಳಿದರು. ಎದುರುಮನೆಯಮ್ಮ ಬೇಕೆಂದೇ ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಿದ್ದರು.

ಮನೆ ಮುಟ್ಟಿದಾಗ ಅತ್ತೆ ಹಂಡೆಯ ತುಂಬ ನೀರು ಕಾಯಿಸಿಟ್ಟಿದ್ದರು. ಯಜಮಾನರು ಮಿಂದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತರು. ರೊಟ್ಟಿಯಾಯಿತು, ಪಲ್ಯವಾಯಿತು. ಅನ್ನಕ್ಕೆ ಮೊಸರು ಬಡಿಸಿ ಅತ್ತೆ ಸೌಟು ಹಿಡಿದು ಅಲ್ಲೇ ನಿಂತರು. ಅವರು ಏನನ್ನು ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತು.

ಒಂದು ತುತ್ತು ಉಂಡು, ತಲೆ ತಗ್ಗಿಸಿಕೊಂಡೇ, “ನಮ್ಮ ಮನಿ ಮೊಸರ ಇದ್ಧಂಗ ಐತಿ ಯವ್ವಾ,” ಅಂದರು.

“ಸುಳ್ಳ ಹೇಳಬ್ಯಾಡ,” ಅಂದರು ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಂಡರು. “ಅದು ಹ್ವಾತು. ಇದು ಎದುರುಮನೀದು. ನೀ ಮನೀಗೆ ಬಂದದ್ದು ಇದರಿಂದ. ಇನ್ನಷ್ಟು ಹಾಕ್ಲೇನು?”

ಯಜಮಾನರು ತಾಟು ಮುಂದೆ ಮಾಡಿದರು.